ಇನ್ಸುಲಿನ್ನಿನ ಹೊಸ ಆಕರವನ್ನರಸಿ

ಮೇದೋಜೀರಕ ಗ್ರಂಥಿಯ ಬಹುಭಾಗವು ಪಾಚಕರಸವನ್ನು ಸ್ರವಿಸುವ ಜೀವಕೋಶಗಳಿಂದಲೇ ಕೂಡಿದ್ದು, 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಗುರುತಿಸಿದ ಕಿರುದ್ವೀಪಗಳು ಅದರ ನಡುವೆ ವಿರಳವಾಗಿ ಚದರಿಕೊಂಡಿವೆ. ಈ ದ್ವೀಪಗಳ ಬೀಟಾ ಕೋಶಗಳು ಇನ್ಸುಲಿನ್ನನ್ನೂ, ಆಲ್ಫಾ ಕೋಶಗಳು ರಕ್ತದ ಸಕ್ಕರೆಯನ್ನು ಏರಿಸುವ ಗ್ಲುಕಗಾನನ್ನೂ ಉತ್ಪಾದಿಸುತ್ತವೆ. ದೇಹದ ರಕ್ಷಣಾವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶಗೊಳಿಸುವುದರಿಂದ ಉಂಟಾಗುವ ಮೊದಲನೆಯ ಬಗೆಯ ಮಧುಮೇಹದಲ್ಲಿ 1922ರಿಂದೀಚೆಗೆ ಇನ್ಸುಲಿನ್ ಚುಚ್ಚುಮದ್ದು ಪ್ರಾಣರಕ್ಷಕವಾಗಿ ಒದಗಿದೆಯಾದರೂ, ಅಳಿದ ಕೋಶಗಳನ್ನು ಅದು ಮರಳಿ ತರಲಾರದು. ಅಳಿಯದೆ ಉಳಿದ ನೆರೆಯ ಕೋಶಗಳಿಗೇ ಆ ಕಾರ್ಯವನ್ನು ಒಪ್ಪಿಸಬಹುದೇ ಎಂಬ ಜಿಜ್ಞಾಸೆಯು ಇಲ್ಲಿಂದ ಮೊದಲಾಗುತ್ತದೆ.

2008ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಮತ್ತು ಚಿಯಾವ್ ಝೌ ಅವರು, ಎನ್‌ಜಿಎನ್3, ಪಿಡಿಎಕ್ಸ್1, ಮ್ಯಾಫ್‌ಎ ಎಂಬ ಮೂರು ವಂಶವಾಹಿಗಳನ್ನು ವೈರಸ್ಸಿನ ಮೂಲಕ ಒಳಹೊಗಿಸಿ, ವಯಸ್ಕ ಇಲಿಗಳ ಪಾಚಕಕೋಶಗಳನ್ನು ಬೀಟಾ ಕೋಶಗಳನ್ನು ಹೋಲುವಂತೆ ಮಾರ್ಪಡಿಸಿದರು. 2010ರಲ್ಲಿ ಜಿನೀವಾದ ಪೆಡ್ರೊ ಹೆರೆರಾ ಅವರ ತಂಡವು, ಬೀಟಾ ಕೋಶಗಳು ಬಹುತೇಕ ನಾಶವಾದ ಇಲಿಗಳಲ್ಲಿ ಆಲ್ಫಾ ಕೋಶಗಳು ತಾವಾಗಿಯೇ ಇನ್ಸುಲಿನ್ ತಯಾರಿಕೆಗೆ ತೊಡಗುವುದನ್ನು ತೋರಿಸಿತು. ಕೋಶದ ಸ್ವಭಾವವು ಅಚಲವಲ್ಲವೆಂದು ಹೀಗೆ ಸಿದ್ಧವಾದ ಮೇಲೆ, ರೋಗಿಯ ಶರೀರಕ್ಕೆ ವೈರಸ್ಸನ್ನು ಹೊಗಿಸುವುದಕ್ಕಿಂತ, ಔಷಧದಂತೆ ಪ್ರಮಾಣವರಿತು ಕೊಡಬಹುದಾದ, ಬೇಡವಾದಾಗ ನಿಲ್ಲಿಸಬಹುದಾದ ಕಿರುಅಣುಗಳನ್ನು ಹುಡುಕುವುದೇ ಲೇಸೆಂದು ಸಂಶೋಧಕರಿಗೆ ತೋರಿದುದು ಸಹಜವೇ ಆಗಿತ್ತು.

ಈ ಹಾದಿಯಲ್ಲಿ ಅತ್ಯಂತ ಬೋಧಪ್ರದವಾದ ಪ್ರಕರಣವೆಂದರೆ ಆರ್ಟಿಮೀಥರಿನದು. ಮಲೇರಿಯಾಕ್ಕೆ ಕೊಡುವ ಈ ಔಷಧವು ಆಲ್ಫಾ ಕೋಶದ ಸ್ವರೂಪವನ್ನು ಕಾಯ್ದಿಡುವ ಎಆರ್‌ಎಕ್ಸ್ ಎಂಬ ಪ್ರೋಟೀನನ್ನು ಅಡಗಿಸಿ ಆ ಕೋಶವನ್ನು ಬೀಟಾ ಕೋಶವಾಗಿಸುವುದೆಂದು 2017ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಸಾರಿದಾಗ, ಪರಿಚಿತವೂ ಸುಲಭಲಭ್ಯವೂ ಆದ ಮದ್ದಿನಿಂದಲೇ ಮಧುಮೇಹ ನೀಗಬಹುದೆಂಬ ಆಸೆ ಮೂಡಿತು. ಆದರೆ ಮರುವರ್ಷ, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮಾರ್ಕ್ ಹೈಸಿಂಗ್ ಅವರ ತಂಡವು ಇಲಿಯ ಆಲ್ಫಾ ಕೋಶಗಳಿಗೆ ಅಳಿಯದ ಹೊಳಪಿನ ಗುರುತನ್ನಿಟ್ಟು ಅವುಗಳ ಗತಿಯನ್ನು ಅನುಸರಿಸಿ ನೋಡಿದಾಗ, ಅವು ಬೀಟಾ ಕೋಶಗಳಾಗಿ ಮಾರ್ಪಟ್ಟುದಕ್ಕೆ ಯಾವ ಸಾಕ್ಷ್ಯವೂ ದೊರೆಯಲಿಲ್ಲ; ಅಷ್ಟೇ ಅಲ್ಲ, ಇದ್ದ ಬೀಟಾ ಕೋಶಗಳಲ್ಲಿಯೇ ಇನ್ಸುಲಿನ್ ವಂಶವಾಹಿಯೊಂದರ ಅಭಿವ್ಯಕ್ತಿಯು ನೂರು ಪಟ್ಟಿಗೂ ಮೀರಿ ಕುಗ್ಗಿತ್ತು. ಕೋಶವೊಂದರಲ್ಲಿ ಇನ್ಸುಲಿನ್ ಕಾಣಿಸಿದ ಮಾತ್ರಕ್ಕೆ ಅದು ಬೀಟಾ ಕೋಶವಾಗದು. ಅದರ ಪೂರ್ವವೃತ್ತಾಂತವನ್ನು ಖಚಿತಪಡಿಸಿಕೊಂಡು, ಸಕ್ಕರೆಯ ಏರಿಳಿತಕ್ಕೆ ಅದು ತಕ್ಕಂತೆ ಸ್ಪಂದಿಸುವುದೇ ಎಂದು ಪರೀಕ್ಷಿಸಬೇಕೆಂಬ ವಿವೇಕವನ್ನು ಈ ವಿವಾದವು ದೃಢಪಡಿಸಿತು.

ಬೀಜಿಂಗ್‌ನ ಡೆಂಗ್ ಹಾಂಗ್‌ಕ್ವೀ ಹಿಡಿದದ್ದು ಮತ್ತೊಂದು ಮಾರ್ಗ. ಮೊದಲನೆಯ ಬಗೆಯ ಮಧುಮೇಹವಿದ್ದ ಮಹಿಳೆಯೊಬ್ಬಳ ಕೊಬ್ಬಿನ ಅಂಗಾಂಶದ ಕೋಶಗಳನ್ನು ರಾಸಾಯನಿಕಗಳಿಂದಲೇ ಆಕರಕೋಶಗಳನ್ನಾಗಿಸಿ, ಅವುಗಳಿಂದ ದ್ವೀಪಗಳನ್ನು ಬೆಳೆಸಿ, ಟಿಯಾನ್‌ಜಿನ್‌ನಲ್ಲಿ ಆಕೆಯ ಹೊಟ್ಟೆಯ ಸ್ನಾಯುಪೊರೆಯ ಕೆಳಗೆ ನೆಟ್ಟುದರ ಫಲವಾಗಿ, 75ನೆಯ ದಿನದಿಂದ ಆಕೆಗೆ ಚುಚ್ಚುಮದ್ದು ಬೇಕಾಗಲಿಲ್ಲವೆಂದು 2024ರ ವರದಿ ತಿಳಿಸುತ್ತದೆ. ಆದರೆ ಹಿಂದಿನ ಅಂಗಕಸಿಯ ಕಾರಣ ಆಕೆ ರಕ್ಷಣಾವ್ಯವಸ್ಥೆಯನ್ನು ತಗ್ಗಿಸುವ ಮದ್ದನ್ನು ಸೇವಿಸುತ್ತಿದ್ದುದರಿಂದ, ಹೊಸ ಕೋಶಗಳು ಹಳೆಯ ಶತ್ರುವಿನೆದುರು ಬಾಳಬಲ್ಲವೇ ಎಂಬುದು ಅಲ್ಲಿ ಪರೀಕ್ಷೆಗೊಳಗಾಗಲಿಲ್ಲ. ಕೋಶವನ್ನು ಮಾರ್ಪಡಿಸುವ ವಿದ್ಯೆಯೂ ಅದನ್ನು ಕಾಪಾಡುವ ವಿದ್ಯೆಯೂ ಜತೆಗೂಡಿದಲ್ಲದೆ ಈ ಸಾಧನೆ ಚಿಕಿತ್ಸೆಯೆನಿಸದು.