ಆಂಗ್ಲ ಭಾಷೆಯ ಸತ್ತಾರ್ಥಕ ಕ್ರಿಯಾಪದ

ಆಂಗ್ಲ ಭಾಷೆಯಲ್ಲಿ ಇರುವಿಕೆಯನ್ನು ಹೇಳುವ ‘ಬೀ’ ಎಂಬುದನ್ನು ವ್ಯಾಕರಣಗ್ರಂಥಗಳು ಒಂದೇ ಕ್ರಿಯಾಪದವೆಂದು ಗಣಿಸುತ್ತವೆ. ಆದರೆ 1816ರಲ್ಲಿ ಫ್ರಾನ್ಸ್ ಬಾಪ್ ಪಂಡಿತನು ಸಂಸ್ಕೃತದ ಕ್ರಿಯಾರೂಪಗಳನ್ನು ಗ್ರೀಕ್, ಲ್ಯಾಟಿನ್, ಪಾರಸಿ, ಜರ್ಮಾನಿಕ ಭಾಷೆಗಳ ರೂಪಗಳೊಡನೆ ಹೋಲಿಸಿದಂದಿನಿಂದ ನಡೆದ ಶೋಧನೆಗಳಿಂದ, ಅಲ್ಲಿ ಹಲವು ಧಾತುಗಳು ಕೂಡಿರುವುದು ತಿಳಿದುಬಂದಿದೆ. ‘ಆ್ಯಮ್’, ‘ಈಸ್’ ಎಂಬಿವು ಅಸ್ಮಿ, ಅಸ್ತಿಗಳ ಸಗೋತ್ರಗಳು. ‘ಬೀ’ ಭೂಧಾತುವಿನ ಬಂಧು. ‘ವಾಸ್’, ‘ವರ್’ ಎಂಬ ಭೂತರೂಪಗಳು ನಿವಾಸಾರ್ಥಕವಾದ ವಸ್ ಧಾತುವಿಗೆ ಸೇರಿದುವು. ನೆಲಸುವುದೆಂಬ ಅರ್ಥ ಸವೆದು ಬರಿಯ ಇರುವಿಕೆ ಉಳಿಯಿತು. ‘ಆರ್’ ರೂಪದ ಮೂಲದಲ್ಲಿ ಮತಭೇದವುಂಟು.

ಪ್ರಾಚೀನ ಆಂಗ್ಲದಲ್ಲಿ ವರ್ತಮಾನಕ್ಕೆ ಎರಡು ರೂಪಾವಳಿಗಳಿದ್ದುವು. ಸದ್ಯದ ಸ್ಥಿತಿಗೆ ಅಸ್ ಮೂಲದ್ದು. ಭವಿಷ್ಯತ್ತಿಗೂ ಸಾರ್ವಕಾಲಿಕ ಸತ್ಯಕ್ಕೂ ಬಹುಮಟ್ಟಿಗೆ ಭೂ ಮೂಲದ್ದು. ಈ ಸೂಕ್ಷ್ಮವಿವೇಕ ಮುಂದೆ ಲೋಪವಾದುದು ಆ ಭಾಷೆಗೆ ನಷ್ಟವೇ ಸರಿ.

ಧಾತುಸಾಂಕರ್ಯವೆಂದು ಹಳಿಯುವಂತಿಲ್ಲ. ಆರ್ಧಧಾತುಕ ಪ್ರತ್ಯಯಗಳು ಪರವಾದಾಗ ಅಸ್ ಧಾತುವಿಗೆ ಭೂ ಆದೇಶವನ್ನು ಪಾಣಿನಿಯೇ ವಿಧಿಸಿದ್ದಾನೆ. ಅಸ್ತಿಗೆ ಭವಿಷ್ಯತಿ, ಬಭೂವ ಎಂಬ ರೂಪಗಳು ಬಂದುದು ಹಾಗೆ.

ಅರ್ಥದ ತೊಡಕು ಇದಕ್ಕಿಂತ ದೊಡ್ಡದು. ‘ಈಸ್’ ಅಸ್ತಿತ್ವವನ್ನೂ ಹೇಳುತ್ತದೆ. ಉದ್ದೇಶ್ಯವಿಧೇಯಗಳನ್ನು ಜೋಡಿಸುವುದೂ ಅದೇ. ಇವೆರಡನ್ನು ವಿಂಗಡಿಸದೆ ತತ್ತ್ವಜ್ಞರು ವ್ಯರ್ಥವಾದಗಳನ್ನು ಬೆಳೆಸಿದರೆಂದು ಜಾನ್ ಸ್ಟೂಅರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ಆಕ್ಷೇಪಿಸಿದನು. ‘ಶಶಶೃಂಗವು ಕಲ್ಪನೆ’ ಎಂಬಲ್ಲಿ ಆಂಗ್ಲಕ್ಕೆ ‘ಈಸ್’ ಬೇಕು. ಆದರೆ ಅದರಿಂದ ಮೊಲಕ್ಕೆ ಕೊಂಬುಂಟೆಂದು ಸಿದ್ಧಿಸದು. ಕನ್ನಡಕ್ಕೆ ಅಲ್ಲಿ ಕ್ರಿಯಾಪದವೇ ಬೇಡ. ಹೀಗಿದ್ದೂ ಭಾಷಾಂತರಕಾರರು ‘ಈಸ್’ ಕಂಡಲ್ಲೆಲ್ಲ ‘ಆಗಿದೆ’ ಎಂದು ತುಂಬುತ್ತಾರೆ. ‘ರಾಮನು ದಶರಥನ ಮಗ’ ಎಂಬುದು ಪೂರ್ಣವಾಕ್ಯ. ‘ಮಗನಾಗಿದ್ದಾನೆ’ ಎಂದರೆ ಮೊದಲು ಬೇರೇನೋ ಆಗಿದ್ದನೆಂಬ ಶಂಕೆಗೆ ಎಡೆಯಾಗುತ್ತದೆ.