ಭದ್ರಾ ಕಾಡಂಚಿನ ದಂಶಕಗಳು

ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳಲ್ಲಿ ಹರಡಿರುವ ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲೂ ಅದರ ಸುತ್ತಲಿನ ಕಾಫಿ, ಅಡಿಕೆ, ಭತ್ತದ ಸೀಮೆಯಲ್ಲೂ ಬದುಕುವ ಅಳಿಲು, ಇಲಿ, ಹೆಗ್ಗಣ, ಮುಳ್ಳುಹಂದಿ ಮುಂತಾದ ಪ್ರಾಣಿಗಳು ದಂಶಕಗಳ ಗಣಕ್ಕೆ ಸೇರಿವೆ. ಜೀವಮಾನವಿಡೀ ಬೆಳೆಯುತ್ತಲೇ ಇರುವ ಬಾಚಿಹಲ್ಲು ಈ ಗಣದ ಗುರುತು. ಕೊರೆದು ಕೊರೆದು ಸವೆಸದಿದ್ದರೆ ಆ ಹಲ್ಲೇ ಪ್ರಾಣಿಗೆ ಮುಳುವಾಗುತ್ತದೆ. ಇವುಗಳಲ್ಲಿ ಕೆಲವು ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಲ್ಲೂ ಇಲ್ಲ. ಕೆಲವು ಏಷ್ಯಾದ ಬಹುಭಾಗದಲ್ಲಿ ಹೊಲಗದ್ದೆಗಳ ಬೆನ್ನು ಹತ್ತಿ ಬಂದವು. ಬೆಳೆಗೆ ಆಗುವ ಹಾನಿಯ ಲೆಕ್ಕದಲ್ಲಿ ಈ ಎರಡು ಗುಂಪುಗಳನ್ನು ಒಂದೇ ತಕ್ಕಡಿಗೆ ಹಾಕುವುದು ರೂಢಿಯಾಗಿದೆ. ಅದು ಸರಿಯಲ್ಲ.

ನೆಲೆ

ಮೈಸೂರು ಸರ್ಕಾರ 1951ರಲ್ಲಿ ಜಾಗರ ಕಣಿವೆಯನ್ನು ಬೇಟೆ ನಿಷೇಧಿತ ಅಭಯಾರಣ್ಯವಾಗಿ ಘೋಷಿಸಿತು. 1974ರಲ್ಲಿ ಲಕ್ಕವಳ್ಳಿಯ ಕಾಡೂ ಸೇರಿ ಅದು ಭದ್ರಾ ವನ್ಯಜೀವಿ ಧಾಮವಾಯಿತು. 1998ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. ಧಾಮದ ವಿಸ್ತೀರ್ಣ 492 ಚದರ ಕಿ.ಮೀ.ಗಿಂತ ತುಸು ಹೆಚ್ಚು. ತಗ್ಗಿನಲ್ಲಿ ಮತ್ತಿ, ನಂದಿ, ಹೊನ್ನೆ, ಬೀಟೆ, ಬಿದಿರು ಬೆಳೆದ ಎಲೆ ಉದುರುವ ಕಾಡಿದ್ದರೆ, ಬಾಬಾಬುಡನ್‌ಗಿರಿ ಸಾಲಿಗೆ ಏರುತ್ತ ಹೋದಂತೆ ಹಸಿರು ಕಾಡೂ ಶೋಲೆ ಹುಲ್ಲುಗಾವಲೂ ಸಿಗುತ್ತವೆ. ಧಾಮದ ಮುತ್ತೋಡಿಯ ಕಡೆ ಕಾಫಿ ತೋಟಗಳು ಕಾಡಿಗೆ ತಾಗಿಕೊಂಡೇ ಇವೆ.

ಈ ಕಾಡಿನ ನೀರು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ ಇಳಿದು ನಾಲೆಗಳ ಮೂಲಕ ದಾವಣಗೆರೆ ಜಿಲ್ಲೆಯ ಬಯಲಿಗೆ ಹರಿಯುತ್ತದೆ. ನಲ್ಲೂರು, ಸಂತೆಬೆನ್ನೂರು, ಬಸವಾಪಟ್ಟಣಗಳಿರುವ ಚನ್ನಗಿರಿ ತಾಲ್ಲೂಕು ಇಂದು ಅಡಿಕೆಗೆ ಹೆಸರಾಗಿರುವುದರಲ್ಲಿ ಭದ್ರೆಯ ಪಾಲು ದೊಡ್ಡದು. ಮುತ್ತೋಡಿಯ ಮರದ ತುದಿಯಿಂದ ದಾವಣಗೆರೆ ಜಿಲ್ಲೆಯ ಜಗಳೂರಿನ ಒಣ ಹೊಲದವರೆಗೆ ಹೋಗುವಷ್ಟರಲ್ಲಿ ದಂಶಕಗಳ ಸಮುದಾಯ ಪೂರ್ತಿ ಬದಲಾಗಿಬಿಡುತ್ತದೆ.

ಕೆಂಜಳಿಲು

ಭದ್ರೆಯ ಕಾಡಿನಲ್ಲಿ ಹಗಲು ಹೊತ್ತು ಸುಲಭವಾಗಿ ಕಣ್ಣಿಗೆ ಬೀಳುವ ದಂಶಕ ಕೆಂಜಳಿಲು. ಪ್ರಾಣಿಶಾಸ್ತ್ರಜ್ಞ ಎರ್ಕ್ಸ್‌ಲೆಬೆನ್ 1777ರಲ್ಲಿ ಇದನ್ನು ವೈಜ್ಞಾನಿಕವಾಗಿ ವರ್ಣಿಸಿದ. ಈಗಿನ ಹೆಸರು ರಟೂಫಾ ಇಂಡಿಕಾ. ಭಾರತವನ್ನು ಬಿಟ್ಟು ಬೇರೆ ದೇಶದಲ್ಲಿಲ್ಲ. ತಲೆ ಮತ್ತು ಮೈ ಸೇರಿ ಒಂದು ಅಡಿಗೂ ಮಿಕ್ಕಿ ಉದ್ದ, ಬಾಲ ಅದಕ್ಕಿಂತಲೂ ಉದ್ದ, ತೂಕ ಒಂದೂವರೆಯಿಂದ ಎರಡು ಕಿಲೋ. ಬೆನ್ನು ಕೆಂಗಂದು, ಹೊಟ್ಟೆ ಕೆನೆಬಣ್ಣ. ಹೆಗಲು, ಸೊಂಟ, ಬಾಲಗಳ ಕಪ್ಪು ಮಾತ್ರ ಸೀಮೆಯಿಂದ ಸೀಮೆಗೆ ಹೆಚ್ಚು ಕಡಿಮೆಯಾಗುತ್ತದೆ.

ತಿನ್ನುವಾಗ ಇದು ಕೂರುವ ರೀತಿಯನ್ನು ಗಮನಿಸಬೇಕು. ಹಿಂಗಾಲುಗಳಲ್ಲಿ ಕೊಂಬೆಯನ್ನು ಹಿಡಿದು ಅದಕ್ಕೆ ಅಡ್ಡಲಾಗಿ ಕೂತಾಗ ಒಂದು ಬದಿಗೆ ತಲೆ ಮತ್ತು ಎದೆ ಬಾಗಿರುತ್ತವೆ, ಇನ್ನೊಂದು ಬದಿಗೆ ಬಾಲ ಇಳಿಬಿದ್ದಿರುತ್ತದೆ. ಎರಡೂ ಕಡೆಯ ಭಾರ ಸರಿದೂಗಿ ಮುಂಗೈಗಳು ಹಣ್ಣು ಹಿಡಿಯಲು ಬಿಡುವಾಗುತ್ತವೆ. ಬಾಲ ಬರಿಯ ಅಲಂಕಾರವಲ್ಲ, ತೂಕದ ಕಲ್ಲು. ಅತ್ತಿ, ಬಸರಿ, ಗೋಣಿಯ ಹಣ್ಣು, ಬೀಜ, ಹೂವು, ಚಿಗುರು, ತೊಗಟೆ ಇದರ ಆಹಾರ. ನೆಲಕ್ಕಿಳಿಯುವುದು ಅಪರೂಪ, ಮರದಿಂದ ಮರಕ್ಕೆ ಆರು ಮೀಟರಿನಷ್ಟು ದೂರ ಹಾರಬಲ್ಲದು. ಎಲೆ ಮತ್ತು ಸಣ್ಣ ರೆಂಬೆಗಳಿಂದ ಉಂಡೆಯಾಕಾರದ ಗೂಡು ಕಟ್ಟುತ್ತದೆ, ಅದೂ ಒಂದಲ್ಲ, ತನ್ನ ವಠಾರದಲ್ಲಿ ಹಲವು. ನೆರೆಮರಗಳ ಕೊಂಬೆಗಳು ಹೆಣೆದುಕೊಂಡ ಎಡೆಯನ್ನೇ ಗೂಡಿಗೆ ಆರಿಸುತ್ತದೆ. ಹದ್ದು, ಚಿರತೆಯ ಸುಳಿವು ಸಿಕ್ಕರೆ ಯಾವ ಕಡೆಗಾದರೂ ಓಡಬಹುದು.

ಉತ್ತರ ಕನ್ನಡದ ಮಾಗೋಡಿನಲ್ಲೂ ಮಹಾರಾಷ್ಟ್ರದ ಭೀಮಾಶಂಕರದಲ್ಲೂ ರೆನೀ ಬೋರ್ಜಸ್ ಇದರ ಆಹಾರಕ್ರಮವನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ಕರ್ನಾಟಕದ ದೊಡ್ಡ ಅಳಿಲು ಮತ್ತು ಹಾರುವ ಅಳಿಲುಗಳ ಹರವನ್ನು ಕುರಿತು 2006ರಲ್ಲಿ ಪ್ರಕಟಿಸಿದ ಸಮೀಕ್ಷೆ ರಾಜ್ಯದ ಮಟ್ಟಿಗೆ ಮುಖ್ಯ ಆಕರ. ಮಹಾರಾಷ್ಟ್ರ ಈ ಅಳಿಲನ್ನು 'ಶೇಕ್ರು' ಎಂಬ ಹೆಸರಿನಲ್ಲಿ ರಾಜ್ಯಪ್ರಾಣಿಯಾಗಿ ಮಾಡಿಕೊಂಡಿದೆ. ಸಂಖ್ಯೆಯಲ್ಲೂ ನೆಲೆಯ ವಿಸ್ತಾರದಲ್ಲೂ ಕಡಿಮೆಯಿಲ್ಲದ ಕರ್ನಾಟಕದಲ್ಲಿ ಅದಕ್ಕೆ ಅಂಥ ಮನ್ನಣೆ ಸಿಕ್ಕಿಲ್ಲ.

ತೋಟದವರ ದೂರು ಸುಳ್ಳಲ್ಲ. ಕಾಡಂಚಿನ ತೋಟಗಳಲ್ಲಿ ಕೆಂಜಳಿಲು ಎಳನೀರಿಗೆ ತೂತು ಕೊರೆಯುತ್ತದೆ, ಕೋಕೋ ಕಾಯಿ ಒಡೆದು ಬೀಜದ ಸುತ್ತಲಿನ ಸಿಹಿ ಲೋಳೆಯನ್ನು ತಿನ್ನುತ್ತದೆ. ಆದರೆ ಹೀಗಾಗುವುದು ಮರದ ನೆತ್ತಿಗಳು ಕಾಡಿನಿಂದ ತೋಟದವರೆಗೆ ಒಂದಕ್ಕೊಂದು ತಾಗಿರುವಲ್ಲಿ ಮಾತ್ರ. ಚನ್ನಗಿರಿಯ ಬಯಲು ತೋಟಗಳಿಗೆ ಇದು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಕೊಲ್ಲುವುದು ಅಪರಾಧ.

ಉಳಿದ ಮರವಾಸಿಗಳು

ಮೂರು ಪಟ್ಟೆಯ ಕಾಡಳಿಲು ಪಶ್ಚಿಮಘಟ್ಟಕ್ಕೆ ಮೀಸಲಾದ ಪ್ರಾಣಿ. ಊರೊಳಗಿನ ಅಳಿಲಿಗಿಂತ ಬಣ್ಣ ಗಾಢ, ಹಣೆ ಕೆಂಪು. ಅದಕ್ಕಿಂತ ಚಿಕ್ಕದೂ ಕಪ್ಪಾದದ್ದೂ ಆದ ಇನ್ನೊಂದು ಪಟ್ಟೆಯಳಿಲು ದಟ್ಟ ಮಳೆಕಾಡಿನ ಪೊದೆಗಳನ್ನು ಬಿಟ್ಟು ಹೊರಬರುವುದು ಕಡಿಮೆ. ಶ್ರೀಲಂಕಾದ ಅಳಿಲೂ ಇದೇ ಜಾತಿಯದೆಂದು ಬಹುಕಾಲ ತಿಳಿಯಲಾಗಿತ್ತು. 2012ರಲ್ಲಿ ಅದನ್ನು ಪ್ರತ್ಯೇಕ ಪ್ರಭೇದವೆಂದು ಬೇರ್ಪಡಿಸಿದ ಮೇಲೆ ನಮ್ಮದು ಘಟ್ಟಕ್ಕಷ್ಟೇ ಸೇರಿದ್ದೆಂದು ಖಚಿತವಾಯಿತು. ಸಹ್ಯಾದ್ರಿ ಕಾಡಿಲಿಯ ಕಥೆಯೂ ಹೀಗೆಯೇ: ಮನೆಯ ಕಪ್ಪಿಲಿಯ ಒಂದು ಬಗೆ ಎಂದು ಕಡೆಗಣಿಸಲಾಗಿದ್ದ ಇದು ಮರ ಹತ್ತಿ ಬಾಳುವ ಸ್ವತಂತ್ರ ಪ್ರಭೇದ.

ಎಲ್ಲಕ್ಕಿಂತ ವಿಶೇಷವಾದದ್ದು ಘಟ್ಟದ ಮಳೆಕಾಡಿನ ಮುಳ್ಳುಗೂದಲ ಮರಇಲಿ. ಪ್ರಾಣಿಶಾಸ್ತ್ರಜ್ಞ ಬ್ಲೈತ್ 1859ರಲ್ಲಿ ಇದನ್ನು ವರ್ಣಿಸಿ ಪ್ಲಾಟಕ್ಯಾಂಥೊಮಿಸ್ ಎಂಬ ಹೊಸ ಕುಲವನ್ನೇ ಕಲ್ಪಿಸಬೇಕಾಯಿತು. ಇಂದು ಬದುಕಿರುವವುಗಳಲ್ಲಿ ಆ ಕುಲಕ್ಕೆ ಇದೊಂದೇ ಪ್ರಭೇದ. ಬೆನ್ನಿನ ಕೂದಲ ನಡುವೆ ಚಪ್ಪಟೆ ಮುಳ್ಳುಗಳು, ಬಾಲದ ತುದಿಯಲ್ಲಿ ಕುಚ್ಚು. ರಾತ್ರಿ ಸಂಚಾರ, ಹಗಲು ಹಳೆಯ ಮರದ ಪೊಟರೆಯಲ್ಲಿ ವಾಸ. ಇದರ ಹತ್ತಿರದ ನೆಂಟ ಇರುವುದು ಚೀನಾ ಮತ್ತು ವಿಯೆಟ್ನಾಂ ಬೆಟ್ಟಗಳಲ್ಲಿ. ಬಾವಲಿಯ ಹಾಗೆ ಶಬ್ದದ ಮರುದನಿಯಿಂದ ದಾರಿ ಕಾಣುವುದೆಂದು 2016ರಲ್ಲಿ ಪತ್ತೆಯಾದ ಟಿಫ್ಲೊಮಿಸ್ ಎಂಬ ಮರಇಲಿ ಅದು. ತಿರುವಾಂಕೂರಿನಲ್ಲಿ ನಮ್ಮ ಮರಇಲಿಯನ್ನು ಮೆಣಸಿನ ಇಲಿ ಎಂದು ಕರೆಯುತ್ತಿದ್ದರು. ಕಳ್ಳಿನ ಗಡಿಗೆಗೆ ಬಾಯಿ ಹಾಕುತ್ತದೆಂಬ ದೂರೂ ಇತ್ತು. ಪೊಟರೆಯಿರುವ ಮುದಿ ಮರಗಳನ್ನು 'ಸತ್ತ ಮರ' ಎಂದು ಕಡಿದು ಹಾಕುವುದರಿಂದ ಇದಕ್ಕೆ ಆಗುವಷ್ಟು ಹಾನಿ ಬೇರಾವುದರಿಂದಲೂ ಆಗಲಾರದು.

ಮಲೆನಾಡಿಗರು ಹಾರುಬೆಕ್ಕು ಎನ್ನುವ ದೊಡ್ಡ ಹಾರುವ ಅಳಿಲು ಭದ್ರೆಯಲ್ಲೂ ಇದೆ. ಆದರೆ ಅದರ ನೆಲೆ ದಕ್ಷಿಣ ಏಷ್ಯಾದಿಂದಾಚೆಗೂ ಹಬ್ಬಿರುವುದರಿಂದ ಅದು ಘಟ್ಟಕ್ಕೆ ಸೀಮಿತವಲ್ಲ.

ಬಯಲಿನ ಇಲಿಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಭತ್ತದ ಗದ್ದೆಗಳಲ್ಲಿ ಬದುಗಳನ್ನು ಕೊರೆದು ಹಾಳುಮಾಡುವುದು ಗದ್ದೆಯ ಹೆಗ್ಗಣ. ತೆನೆಗಳನ್ನು ಕತ್ತರಿಸಿ ಬಿಲದೊಳಗೆ ಕೂಡಿಡುವ ಅಭ್ಯಾಸ ಇದರದು. ಬಿಲ ಅಗೆದು ಆ ತೆನೆಯನ್ನು ಹೊರತೆಗೆಯುವುದು ಬಡವರ ಪಾಲಿನ ಒಂದು ಸುಗ್ಗಿಯೇ ಆಗಿತ್ತು. ಮಳೆ ಕಡಿಮೆಯಿರುವ ಜಗಳೂರಿನ ಕಡೆ ಹೋದರೆ ಬಾಲದ ತುದಿಯಲ್ಲಿ ಕೂದಲಿರುವ, ನೆಗೆದು ಓಡುವ ಬಯಲಿಲಿ ಮುಂತಾದವು ಕಾಣುತ್ತವೆ.

ಈ ಬಯಲಿನ ಇಲಿಗಳನ್ನು ವಿಜ್ಞಾನ ಅರಿತದ್ದು ಕನ್ನಡನಾಡಿನ ದುಡಿಯುವ ಜನರ ಮೂಲಕ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದ. ಇಲಿಗಳ ಬಿಲ, ಆಹಾರ, ಹೆಸರುಗಳ ವಿಚಾರದಲ್ಲಿ ಅವನು ಮಣ್ಣು ಅಗೆಯುವ ಕಸುಬಿನ ವಡ್ಡರ ತಿಳಿವಳಿಕೆಯನ್ನು ಆಧರಿಸಿದ್ದ. ಪೊದೆ ಇಲಿಯ ಗೊಲುಂಡಾ, ಮೆದುಗೂದಲ ಹೊಲದಿಲಿಯ ಮೆಲ್ಟಾಡಾ ಎಂಬ ವೈಜ್ಞಾನಿಕ ಹೆಸರುಗಳು ಇಲ್ಲಿನ ಜನರ ಬಾಯಿಂದ ಹೋದವು. ಇದೇ ಗೊಲುಂಡಾ ಇಲಿ 19ನೇ ಶತಮಾನದಲ್ಲಿ ಸಿಲೋನಿನ ಕಾಫಿ ತೋಟಗಳಿಗೆ ಹಿಂಡು ಹಿಂಡಾಗಿ ನುಗ್ಗಿ ಮೊಗ್ಗು, ಹೂಗಳನ್ನು ಹಾಳುಗೆಡವಿ 'ಕಾಫಿ ಇಲಿ' ಎಂದು ಕುಖ್ಯಾತವಾಯಿತು. ಎಲಿಯಟನ ಹೆಸರು ಪ್ರಾಣಿಗೆ ಅಂಟಿ ಉಳಿದಿದೆ; ತಿಳಿಸಿಕೊಟ್ಟವರ ಒಬ್ಬರ ಹೆಸರೂ ಉಳಿದಿಲ್ಲ.

ಭದ್ರಾ ಧಾಮದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ತರೀಕೆರೆ ಬಳಿಯ ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡವು. ಕಾಡಿನೊಳಗೆ ಆನೆ, ಹಂದಿ, ಕಡವೆಗಳಿಂದ ಗದ್ದೆ ಕಾಯುತ್ತಿದ್ದವರಿಗೆ ನೀರಾವರಿಯ ಜಮೀನಿನಲ್ಲಿ ಎದುರಾಗುವುದು ಇಲಿ, ಹೆಗ್ಗಣಗಳಂಥ ಬೇರೆಯದೇ ಬಗೆಯ ಪ್ರಾಣಿಗಳು.

ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಎಂಬ ಜ್ವರದಲ್ಲಿ ದಂಶಕಗಳಿಗೂ ಪಾತ್ರವಿದೆ. ಮಂಗ ಸತ್ತು ಬೀಳುವುದು ಕಣ್ಣಿಗೆ ಕಾಣುವುದರಿಂದ ಕಾಯಿಲೆಗೆ ಅದರ ಹೆಸರು ಬಂತು. ಆದರೆ ಉಣ್ಣೆಯ ಮರಿಗಳು ಮೊದಲು ರಕ್ತ ಹೀರುವುದು ನೆಲಮಟ್ಟದ ಸಣ್ಣ ಪ್ರಾಣಿಗಳಿಂದ. ಬಿಳಿಬಾಲದ ಕಾಡಿಲಿ, ಕಾಡಳಿಲು, ದಂಶಕವೇ ಅಲ್ಲದ ಮೂಗಿಲಿ ಇಂಥವುಗಳ ನಡುವೆ ವೈರಾಣು ಸುತ್ತುತ್ತಿರುತ್ತದೆ. ಬೇಸಿಗೆಗೆ ಮುಂಚೆ ಬೆಳೆದ ಉಣ್ಣೆ ದರಗು, ಸೌದೆಗೆ ಹೋದವರನ್ನೂ ದನ ಮೇಯಿಸುವವರನ್ನೂ ಕಚ್ಚಿದಾಗ ರೋಗ ಮನುಷ್ಯರಿಗೆ ಹತ್ತುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯೂ ಇದು ಕಾಣಿಸಿಕೊಂಡಿದೆ. ಕಾಡಿಲಿಗಳನ್ನು ಕೊಂದು ರೋಗ ತಡೆಯುವ ಮಾತಿಗೆ ಆಧಾರವಿಲ್ಲ. ಉಣ್ಣೆ ಕಚ್ಚದಂತೆ ಮೈಗೆ ತೈಲ ಹಚ್ಚಿಕೊಳ್ಳುವುದು, ಮಂಗ ಸತ್ತ ಜಾಗದಿಂದ ದೂರ ಉಳಿಯುವುದು, ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಹೋಗುವುದು ಉಪಯೋಗಕ್ಕೆ ಬರುವ ಕ್ರಮಗಳು.

ತೋಟ ಮತ್ತು ಹತೋಟಿ

ಕಾಫಿ ತೋಟದ ನೆರಳಿಗೆ ಕಾಡುಮರಗಳನ್ನು ಉಳಿಸಿಕೊಂಡಿರುವಲ್ಲಿ ಕಾಡಿನ ಅಳಿಲುಗಳೂ ಉಳಿದಿವೆ. ಅತ್ತಿ, ಬಸರಿಗಳನ್ನು ತೆಗೆದು ಸಿಲ್ವರ್ ಓಕ್ ಸಾಲು ನೆಟ್ಟ ಕಡೆ ಕೆಂಜಳಿಲಿಗೆ ತಿನ್ನಲು ಹಣ್ಣೂ ಇಲ್ಲ, ದಾಟಲು ಅಗಲ ಕೊಂಬೆಯೂ ಇಲ್ಲ. ಅಗಲಗೊಂಡ ರಸ್ತೆಗಳು ನೆತ್ತಿಯ ದಾರಿಯನ್ನು ಇನ್ನಷ್ಟು ತುಂಡರಿಸುತ್ತವೆ.

ತೆಂಗು, ಅಡಿಕೆ, ಕೋಕೋ ತೋಟದ ನಷ್ಟದಲ್ಲಿ ದೊಡ್ಡ ಪಾಲು ಮನೆಯ ಕಪ್ಪಿಲಿ ಮತ್ತು ಅದರ ನೆಂಟರದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಐದು ತೆಂಗಿನ ಮರಕ್ಕೆ ಒಂದರ ಸುಳಿಯಲ್ಲಿ ಬ್ರೋಮಾಡಯೋಲೋನ್ ಬಿಲ್ಲೆ ಇಡುವುದುಂಟು. ಕಾಂಡಕ್ಕೆ ತಗಡಿನ ಪಟ್ಟಿ ಸುತ್ತುವುದು ಗರಿಗಳು ಪಕ್ಕದ ಮರಕ್ಕೆ ತಾಗದಿದ್ದರಷ್ಟೇ ಫಲ ಕೊಡುತ್ತದೆ. ಗದ್ದೆಯಲ್ಲಿ ಜಿಂಕ್ ಫಾಸ್ಫೈಡ್ ಬಳಸುವವರು ಮೊದಲು ವಿಷವಿಲ್ಲದ ತಿಂಡಿ ಇಟ್ಟು ರೂಢಿ ಮಾಡಿಸಬೇಕು. ಇಲ್ಲದಿದ್ದರೆ ಒಮ್ಮೆ ರುಚಿ ನೋಡಿ ಬದುಕಿದ ಇಲಿ ಮತ್ತೆ ಮುಟ್ಟುವುದಿಲ್ಲ. ಕಾಡಂಚಿನಲ್ಲಿ ಈ ಯಾವ ವಿಷಕ್ಕೂ ಕಾಡಿಲಿ, ಊರಿಲಿಗಳ ಭೇದ ತಿಳಿಯದು. ವಿಷ ತಿಂದ ಇಲಿಯನ್ನು ಹಿಡಿದ ಗೂಬೆ, ಪುನುಗುಬೆಕ್ಕು, ಕೇರೆಹಾವುಗಳೂ ಸಾಯಬಹುದು. ಅಂಥ ತೋಟಗಳಲ್ಲಿ ಬೋನು ಇಡುವುದೂ ಕೋಕೋ ಹಣ್ಣನ್ನು ಮರದಲ್ಲೇ ಬಿಡದೆ ಹದಕ್ಕೆ ಬಂದ ಕೂಡಲೇ ಕೊಯ್ಯುವುದೂ ಮೇಲು.