ಕೂಳೆ ಹೊಲದ ಜ್ವರ, ಮನೆಯೊಳಗಿನ ಇಲಿ

ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯುವ ಮೋಟು ದಂಟಿಗೆ ನಾವು ಕೂಳೆ ಅನ್ನುತ್ತೇವೆ. ಅರ್ಜೆಂಟೀನಾದ ಮೆಕ್ಕೆಜೋಳದ ಸೀಮೆಯಲ್ಲಿ ಅದು ರಾಸ್ತ್ರೋಹೊ. 1950ರ ದಶಕದಲ್ಲಿ ಅಲ್ಲಿ ಸುಗ್ಗಿ ಬಂತೆಂದರೆ ಕೂಲಿಯಾಳುಗಳು ಜ್ವರ ಹತ್ತಿ ಮಲಗುತ್ತಿದ್ದರು. ವಸಡಿನಲ್ಲಿ ರಕ್ತ, ಕೈನಡುಕ, ಕೆಲವರಿಗೆ ಸಾವು. ಜನ ಅದನ್ನು ‘ಕೂಳೆ ರೋಗ’ ಎಂದೇ ಕರೆದರು. 1958ರಲ್ಲಿ ವೈರಸ್ ಸಿಕ್ಕಿತು. ಹುನಿನ್ ಊರಿನ ಹೆಸರನ್ನೇ ಅದಕ್ಕಿಟ್ಟರು. ಅದನ್ನು ಹೊತ್ತು ತಿರುಗುತ್ತಿದ್ದುದು ಹೊಲದ ಬದುಗಳಲ್ಲಿರುವ ಪುಟ್ಟ ಇಲಿ. ಅದರ ಮೂತ್ರ ಬೆರೆತ ಧೂಳು ಉಸಿರಿನೊಂದಿಗೆ ಒಳಗೆ ಹೋಗುತ್ತಿತ್ತು. (ನಮ್ಮಲ್ಲಿ ಇಲಿ ಜ್ವರ ಅನ್ನುವುದು ಬೇರೆ, ಅದು ಬ್ಯಾಕ್ಟೀರಿಯಾದಿಂದ ಬರುವಂಥದ್ದು.)

ಹೂಲಿಯೊ ಮೈಸ್ತೆಗಿ ಎಂಬ ವೈದ್ಯರು ಪೆರ್ಗಮಿನೊ ಊರಿನಲ್ಲಿ ಕೂತು ಈ ರೋಗದ ಬೆನ್ನು ಹತ್ತಿದರು. ಗುಣವಾದವರ ರಕ್ತದ ಪ್ಲಾಸ್ಮಾವನ್ನು ರೋಗಿಗಳಿಗೆ ಬೇಗ ಕೊಟ್ಟರೆ ಸಾವು ನೂರಕ್ಕೆ 16ರಿಂದ ಸುಮಾರು 1ಕ್ಕೆ ಇಳಿಯುತ್ತದೆ ಎಂದು 1979ರಲ್ಲಿ ತೋರಿಸಿದರು. ಆಮೇಲೆ ಲಸಿಕೆ. 1988ರಿಂದ 1990ರವರೆಗೆ 6,500 ರೈತ ಕೂಲಿಗಳಲ್ಲಿ ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಹುಸಿ ಚುಚ್ಚುಮದ್ದು. ರೋಗ ಖಚಿತವಾದ 23 ಮಂದಿಯಲ್ಲಿ 22 ಜನ ಹುಸಿ ಚುಚ್ಚುಮದ್ದಿನವರು. ಲೆಕ್ಕ ಅಷ್ಟು ಚೊಕ್ಕ. ಮೈಸ್ತೆಗಿ 1993ರಲ್ಲಿ ತೀರಿಕೊಂಡರು. ಲಸಿಕೆಯ ಫಲಿತಾಂಶ ಅಚ್ಚಾದದ್ದು 1998ರಲ್ಲಿ.

ಇದೇ ದಾರಿ ಆಫ್ರಿಕಾದಲ್ಲೂ ನಡೆಯಬೇಕಿತ್ತು. 1969ರಲ್ಲಿ ನೈಜೀರಿಯಾದ ಲಸ್ಸಾ ಎಂಬ ಹಳ್ಳಿಯಲ್ಲಿ ಗುರುತಾದ ಜ್ವರದ ವೈರಸ್ ಹುನಿನ್‌ಗೆ ದಾಯಾದಿ. ಅಲ್ಲಿನ ಇಲಿ ಹೊಲದ ಬದುವಿನದ್ದಷ್ಟೇ ಅಲ್ಲ, ಧಾನ್ಯವಿಟ್ಟ ಮನೆಯೊಳಗಿನದ್ದು. ಆದರೆ ಪ್ಲಾಸ್ಮಾ ಅಲ್ಲಿ ನೆಚ್ಚಿಗೆ ಬರಲಿಲ್ಲ. ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಲಸ್ಸಾ ರೋಗಿಯಲ್ಲಿ ಹುಟ್ಟುವುದೇ ತಡವಾಗಿ, ಅದೂ ದುರ್ಬಲವಾಗಿ. ಕೊಂದ ವೈರಸ್ಸಿನ ಲಸಿಕೆ ಕೊಟ್ಟ ಕೋತಿಗಳಲ್ಲಿ ಪ್ರತಿಕಾಯ ಬಂದವು, ಕೋತಿಗಳು ಉಳಿಯಲಿಲ್ಲ. ಹಾಗಾದರೆ ಬದುಕಿದ ಮನುಷ್ಯರನ್ನು ಕಾಪಾಡಿದ್ದು ಯಾವುದು?

ಉತ್ತರದ ತುದಿ ಇನ್ನೊಂದು ಇಲಿ ವೈರಸ್ಸಿನಲ್ಲೇ ಇತ್ತು. ಮನೆಯ ಸುಂಡಿಲಿಯಲ್ಲಿರುವ, 1930ರ ದಶಕದಲ್ಲಿ ಪತ್ತೆಯಾದ ಎಲ್‌ಸಿಎಂ ಎಂಬ ವೈರಸ್ ಅದು. 1973ರ ಸುಮಾರಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ, ರಾಲ್ಫ್ ಜಿಂಕರ್‌ನಾಗೆಲ್ ಇದನ್ನೇ ಹಿಡಿದು ಕೆಲಸ ಮಾಡಿದರು. ಟಿ-ಕೋಶಗಳು ಬಿಡಿ ವೈರಸ್ಸನ್ನು ಹುಡುಕುವುದಿಲ್ಲ. ಸೋಂಕು ಹೊಕ್ಕ ಜೀವಕೋಶವನ್ನು, ಅದು ಸ್ವಂತ ಮೈಯದೆಂಬ ಗುರುತಿನ ಜೊತೆಗೇ ಪತ್ತೆ ಹಚ್ಚಿ ಕೊಲ್ಲುತ್ತವೆ. 1996ರಲ್ಲಿ ಇದಕ್ಕೆ ನೊಬೆಲ್ ಬಂತು.

ಲಸಿಕೆಗೆ ಇದರ ಉಪಯೋಗವೇನು? ಪ್ರತಿಕಾಯ ನೋಡುವುದು ವೈರಸ್ಸಿನ ಹೊರಮೈಯನ್ನು. ಲಸ್ಸಾದಲ್ಲಿ ನೈಜೀರಿಯಾದ ತಳಿ ಬೇರೆ, ಸಿಯೆರಾ ಲಿಯೋನ್‌ನದ್ದು ಬೇರೆ. ಟಿ-ಕೋಶಕ್ಕೆ ಒಳಗಿನ ಪ್ರೋಟೀನಿನ ತುಣುಕುಗಳೂ ಕಾಣುತ್ತವೆ, ಅವುಗಳಲ್ಲಿ ಕೆಲವು ತಳಿಯಿಂದ ತಳಿಗೆ ಅಷ್ಟಾಗಿ ಬದಲಾಗುವುದಿಲ್ಲ. ಒಂದೇ ಲಸಿಕೆ ಹಲವು ತಳಿಗಳಿಗೆ ಆದೀತೆಂಬ ಆಸೆ ಹುಟ್ಟಿದ್ದು ಅಲ್ಲಿಂದ.

ಆಸೆಯ ಪಕ್ಕದಲ್ಲೇ ಭಯವೂ ಇದೆ. ಎಲ್‌ಸಿಎಂ ವೈರಸ್ಸನ್ನು ಇಲಿಯ ಮಿದುಳಿಗೆ ಚುಚ್ಚಿದಾಗ ಅದನ್ನು ಕೊಲ್ಲುವುದು ವೈರಸ್ಸಲ್ಲ, ಅಟ್ಟಿಸಿಕೊಂಡು ಬಂದ ಟಿ-ಕೋಶಗಳೇ. ಟಿ-ಕೋಶವಿಲ್ಲದ ಇಲಿ ಬದುಕುತ್ತದೆ, ವೈರಸ್ಸನ್ನು ಹೊತ್ತುಕೊಂಡೇ. ಹುನಿನ್ ಲಸಿಕೆಯನ್ನು ಅರ್ಜೆಂಟೀನಾ ಈಗ ಪೆರ್ಗಮಿನೊದಲ್ಲೇ ತಯಾರಿಸುತ್ತದೆ. ಲಸ್ಸಾ ಗುರುತಾಗಿ ಅರ್ಧ ಶತಮಾನ ದಾಟಿದರೂ ಪಶ್ಚಿಮ ಆಫ್ರಿಕಾದ ಹಳ್ಳಿಗಳಲ್ಲಿ ಜನ ಧಾನ್ಯದ ಪಾತ್ರೆಗೆ ಮುಚ್ಚಳ ಹಾಕಿ, ಬೆಕ್ಕು ಸಾಕುತ್ತಿದ್ದಾರೆ.